ಹಾಡುತ್ತಿದ್ದವಳು

ಟೈರ್ ಅಂಗಡಿಯ ಮಗ್ಗುಲಲ್ಲಿದ್ದ ಕಿರಿದಾದ ಮೆಟ್ಟಿಲು ಹತ್ತುತ್ತಾ, ಇವತ್ತೊಂದು ದಿನ ತನಗೆ ಜ್ವರವಾದರೂ ಬರಬಾರದಿತ್ತೇ ಎಂದುಕೊಂಡಳು ಕ್ಲಬ್ಬಿನ ಅಕ್ಕ. ಅಂದುಕೊಂಡ ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡಳು. ಆ ಹುಡುಗಿ ಹೋದದ್ದು ಜ್ವರದಲ್ಲೇ. ಕೆಳಗೆ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಯಂತ್ರ ಏದುಸಿರು ಬಿಡುತ್ತಾ ಬಿಡುತ್ತಾ ಒಮ್ಮೆಲೇ ಸುಮ್ಮನಾಯಿತು. ರಬ್ಬರಿನ ವಾಸನೆ ಎಂದಿನಂತೆ ಅವಳ ಜೊತೆಗೇ ಮೇಲೆ ಬಂತು. ಯುವ ಕ್ಲಬ್ಬು ಶುರುವಾಗಿ ಇವತ್ತಿಗೆ ಒಂದು ವರ್ಷ. ಸಂಜೆ ಸಭೆ. ಸಭೆಯಲ್ಲಿ ಇಸ್ತ್ರಿಯಮ್ಮ ತೀರಿಕೊಂಡ ತನ್ನ ಮಗಳ ಬಗ್ಗೆ ನಾಲ್ಕು ಮಾತು ಆಡಲಿದ್ದಳು. ಆ ನಾಲ್ಕು ಮಾತೂ ಅಕ್ಕ ಅವಳಿಗೆ ಹೇಳಿದ್ದ ಸುಳ್ಳುಗಳು.

ಇಸ್ತ್ರಿಯಮ್ಮ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಮಗಳು ಹೋದದ್ದೂ ಅದೇ ಆಸ್ಪತ್ರೆಯಲ್ಲಿ. ಯಾವ ಹಾಸಿನ ಮೇಲೆ ಮಲಗಿದ್ದಳೋ ಅದೂ ಒಗೆದು ಒಣಗಿ ತನ್ನ ಕೈಗೇ ಬಂದಿರಬೇಕು, ಯಾವುದಂತ ಗೊತ್ತಾಗಲಿಲ್ಲ ಅಂತ ಅವಳು ಒಮ್ಮೆ, ಹವಾಮಾನದ ಮಾತಾಡಿದಷ್ಟೇ ಸಲೀಸಾಗಿ ಹೇಳಿದ್ದಳು. ಮೊದಲ ಸಲ ಬಂದ ದಿನ ಕ್ಲಬ್ಬಿನಲ್ಲಿ ಮಕ್ಕಳ ಗಲಾಟೆ ಮುಗಿಲು ಮುಟ್ಟಿತ್ತು. ಒಬ್ಬ ಕಿಟಕಿಯ ಗಾಜು ಒಡೆದಿದ್ದ, ಇನ್ನೊಬ್ಬಳು ಮನೆ ಬಿಟ್ಟು ಬರುತ್ತೇನೆಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದು ಕೂತಿದ್ದಳು. ಅದರ ನಡುವೆ ಬಾಗಿಲಲ್ಲಿ ಒಬ್ಬಳು ಹೆಂಗಸು, ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದಳು. ‘ನನ್ನ ಮಗಳು ಇಲ್ಲಿಗೆ ಬರ್ತಿದ್ಲಲ್ಲ ಅಕ್ಕ, ಪ್ರತಿ ಶನಿವಾರ. ಜ್ವರ ಬಂದು ತೀರಿಕೊಂಡ್ಲು. ಇಲ್ಲಿ ಹೇಗಿರ್ತಿದ್ಲು ಅಂತ ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ.’ ಅವಳು ಮುಂದೆ ಹಿಡಿದ ಫೋನಿನ ಗಾಜು ಒಡೆದಿತ್ತು. ಬಿರುಕಿನ ಹಿಂದೆ ಒಂದು ಮುಖ. ಅಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದಳು, ಬೆಳಕಿನ ಕಡೆ ತಿರುಗಿಸಿ ನೋಡಿದಳು. ತಾನು ಎಂದೂ ಕಂಡಿರದ ಮುಖ.

ಇಲ್ಲಿ ಹಾಜರಿ ಕರೆಯುವ ಪದ್ಧತಿ ಬೇಡವೆಂದು ಹಠ ಹಿಡಿದವಳು ಅಕ್ಕನೇ. ಇದು ಶಾಲೆಯಲ್ಲ, ನನ್ನ ಮಕ್ಕಳು ಯಾರು ಯಾರು ಅಂತ ನನಗೆ ಮುಖದಲ್ಲೇ ಗೊತ್ತು ಎಂದು ಕ್ಲಬ್ಬಿನ ಕಾರ್ಯದರ್ಶಿಗಳ ಮುಂದೆ ಎದೆ ಸೆಟೆಸಿ ಹೇಳಿದ್ದಳು. ಈಗ ಆ ತಾಯಿಯ ಕಣ್ಣು ತನ್ನ ಮುಖದ ಮೇಲೆ ನೆಟ್ಟಿದ್ದಾಗ, ‘ಗುರುತು ಸಿಕ್ತಾ?’ ಎಂದು ಅವಳು ಮೆಲ್ಲಗೆ ಕೇಳಿದಾಗ, ಅಕ್ಕನ ಬಾಯಿಂದ ಬಂದದ್ದು ‘ಸಿಗದೆ ಏನು!’ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೆಳಗೆ ಅಂಗಡಿಯ ರೇಡಿಯೋದಲ್ಲಿ ಯಾರೋ ಹಾಡುತ್ತಿದ್ದರು. ‘ಚೆನ್ನಾಗಿ ಹಾಡ್ತಿದ್ಲು’ ಅಂದುಬಿಟ್ಟಳು. ಆಗ ಆ ಹೆಂಗಸಿನ ಮುಖದಲ್ಲಿ ಆದದ್ದನ್ನು ಅಕ್ಕ ಇವತ್ತಿನವರೆಗೂ ಮರೆತಿಲ್ಲ. ಸುಕ್ಕಾದ ಬಟ್ಟೆಯ ಮೇಲೆ ಯಾರೋ ಅಂಗೈಯಿಂದ ಸವರಿದಂತೆ ಮುಖ ನಿಧಾನಕ್ಕೆ ಬಿಡಿಸಿಕೊಂಡಿತು. ‘ಹೌದಾ? ಹಾಡ್ತಿದ್ಲಾ?’ ಅಂದಳು. ನೀರು ಕೂಡ ಕುಡಿಯದೆ ಹೋದಳು. ಮುಂದಿನ ಶನಿವಾರ ಕೆಲಸ ಮುಗಿಸಿ ಅದೇ ಹೊತ್ತಿಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಮೈಯಿಂದ ಗಂಜಿಯ, ಬಿಸಿ ಹಬೆಯ ವಾಸನೆ. ‘ಇನ್ನೇನು ಮಾಡ್ತಿದ್ಲು ಅಕ್ಕ?’

ಹೀಗೆ ಶನಿವಾರಗಳು ಸರಿದವು. ಹುಡುಗಿ ಚಿಕ್ಕ ಮಕ್ಕಳಿಗೆ ಬೂಟಿನ ದಾರ ಕಟ್ಟಿಕೊಡುತ್ತಿದ್ದಳು. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಈ ಬಾಯಿಗೆ ಕೈ ಹಿಡಿಯುವುದು ಅಕ್ಕನ ಅತ್ತಿಗೆಯ ಅಭ್ಯಾಸ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಬದುಕುವ ಅಕ್ಕನಿಗೆ ಆ ನಗು ಗೋಡೆಯಾಚೆಯಿಂದ, ಹೆಚ್ಚಾಗಿ ತನ್ನ ಮಾತು ಬಂದಾಗಲೇ, ಕೇಳಿಸುತ್ತಿತ್ತು. ಅದನ್ನೂ ಸತ್ತವಳಿಗೆ ತೊಡಿಸಿದ್ದಳು. ಶುಕ್ರವಾರ ಬಸ್ಸಿನಲ್ಲಿ ಕೂತಾಗಲೇ ನಾಳೆಗೇನು ಹೇಳಲಿ ಎಂಬ ಯೋಚನೆ ಶುರುವಾಗುತ್ತಿತ್ತು. ಆ ಯೋಚನೆಯಲ್ಲಿ ಒಂದು ಸುಖವಿತ್ತು, ಅದೇ ಅವಳಿಗೆ ಹೇಸಿಗೆ. ವರ್ಷವಿಡೀ ಯಾವ ತಾಯಿಯ ಜೊತೆ ಆಸ್ಪತ್ರೆಯ ಸಾಲಿನಲ್ಲಿ ನಿಂತರೂ, ಯಾರ ಮಗುವನ್ನು ಶಾಲೆಗೆ ಮರಳಿ ಸೇರಿಸಲು ಯಾವ ಮೇಷ್ಟ್ರ ಕಾಲು ಹಿಡಿದರೂ, ಯಾರ ಮುಖವೂ ಹೀಗೆ ತನ್ನ ಒಂದು ಮಾತಿಗೆ ಅರಳಿರಲಿಲ್ಲ. ಮಾಡಿದ ಕೆಲಸಕ್ಕೆ ಸಿಗದ್ದು ಆಡಿದ ಸುಳ್ಳಿಗೆ ಸಿಕ್ಕಿತ್ತು.

ಮನಸ್ಸಿಗೆ ಹೇಳಿಕೊಳ್ಳಲು ಒಂದು ಸಮಾಧಾನವನ್ನೂ ಹುಡುಕಿಕೊಂಡಿದ್ದಳು. ಹುಡುಗಿ ಕ್ಲಬ್ಬಿಗೆ ಬಂದೇ ಇರಲಿಕ್ಕಿಲ್ಲ. ಮನೆಯಲ್ಲಿ ಕ್ಲಬ್ಬು ಎಂದು ಹೇಳಿ ಬೇರೆಲ್ಲೋ ಹೋಗುತ್ತಿದ್ದಿರಬೇಕು. ಆ ವಯಸ್ಸಿಗೆ ಅದೇನು ದೊಡ್ಡ ಮಾತು? ಹಾಗಾದರೆ ತಾನು ಹೇಳುತ್ತಿರುವುದು ಸುಳ್ಳಲ್ಲ, ಸತ್ತ ಹುಡುಗಿಯ ಗುಟ್ಟು ಕಾಯುತ್ತಿದ್ದೇನೆ ಅಷ್ಟೇ. ಇದನ್ನು ಎಷ್ಟು ಸಲ ಹೇಳಿಕೊಂಡಳೆಂದರೆ ಕೊನೆಗೆ ಆ ಹುಡುಗಿಯ ಮೇಲೆ ಸಣ್ಣ ಸಿಟ್ಟೂ ಹುಟ್ಟಿತು. ಆದರೆ ಇತ್ತೀಚೆಗೆ ಇನ್ನೊಂದು ಶುರುವಾಗಿತ್ತು. ಜನ ತುಂಬಿದ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಸಣ್ಣ ದನಿಯೊಂದು ಗುನುಗುವುದು. ಎದುರಿಗೆ ಒಂದು ಜಡೆ, ತೆಳ್ಳನೆಯ ಕತ್ತು. ಎದ್ದು ಮುಂದೆ ಹೋಗಿ ತಿರುಗಿ ನೋಡಿದರೆ ಯಾರೋ ಬೇರೆ, ಹಾಡೂ ಇಲ್ಲ. ಕ್ಲಬ್ಬಿನಲ್ಲಿ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ಹಿಂದೆ ಹಾಡು. ನಲ್ಲಿ ತಿರುಗಿಸಿದರೆ ನೀರಿನ ಸದ್ದಿನೊಳಗೆ ಹಾಡು, ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಹುಡುಗಿ ಎಂದೂ ಮುಖ ತೋರಿಸಲಿಲ್ಲ. ತೋರಿಸುವುದಾದರೂ ಹೇಗೆ? ಅಕ್ಕ ಅವಳಿಗೆ ದನಿ ಕೊಟ್ಟಿದ್ದಳು, ನಗು ಕೊಟ್ಟಿದ್ದಳು, ಮುಖ ಕೊಟ್ಟಿರಲಿಲ್ಲ.

ಮೆಟ್ಟಿಲು ಹತ್ತಿ ಬಂದಾಗ ಕ್ಲಬ್ಬಿನ ಹಾಲಿನ ಬಾಗಿಲು ಆಗಲೇ ತೆರೆದಿತ್ತು. ಕಾರ್ಯದರ್ಶಿಗಳು ಕುರ್ಚಿ ಹತ್ತಿ ಬ್ಯಾನರು ಕಟ್ಟುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವವರು. ‘ಬಂದ್ರಾ? ಬನ್ನಿ ಬನ್ನಿ. ಆ ತಾಯಿ ಬರ್ತಾರೆ ತಾನೆ? ಕೈ ಕೊಡಲ್ಲ ತಾನೆ?’

‘ಸರ್, ಅವರನ್ನ ವೇದಿಕೆ ಮೇಲೆ ಕೂರಿಸೋದು ಬೇಡ ಅನ್ನಿಸುತ್ತೆ. ಇನ್ನೂ ಹಸಿ ಗಾಯ.’

‘ಹಸಿ ಇದ್ದಾಗಲೇ ಅಲ್ವೇನಮ್ಮ ಮಾತು ಮನಸ್ಸಿಗೆ ನಾಟೋದು? ನೀವೇ ಹೇಳಿದ್ರಲ್ಲ, ಹಾಡ್ತಿದ್ಲು, ಚಿಕ್ಕ ಮಕ್ಕಳನ್ನ ನೋಡ್ಕೊಳ್ತಿದ್ಲು ಅಂತ. ಈ ಊರಲ್ಲಿ ಪಕ್ಕದ ಮನೆಯವರಿಗೆ ಪಕ್ಕದ ಮನೆಯವರು ಗೊತ್ತಿಲ್ಲ. ಅಂಥದ್ರಲ್ಲಿ ಒಂದು ಮಗುವನ್ನ ನಾವು ಅಷ್ಟು ಹತ್ತಿರದಿಂದ ನೋಡಿದ್ದೀವಿ. ಅದಕ್ಕಿಂತ ದೊಡ್ಡ ಸಾಧನೆ ಬೇಕಾ?’ ಅವರು ಅದನ್ನು ನಂಬಿಯೇ ಹೇಳುತ್ತಿದ್ದರು. ಕಣ್ಣಂಚು ಒದ್ದೆಯಾಗಿತ್ತು. ಬ್ಯಾನರಿನ ಎಡಗಡೆ ಸ್ವಲ್ಪ ಕೆಳಗಿದೆ ಸರ್, ಅಂದಳು ಅಕ್ಕ.

ಅಡಿಗೆಮನೆ ಎಂದು ಕರೆಯುತ್ತಿದ್ದ ಮೂಲೆಯಲ್ಲಿ ಗುಬ್ಬಿ ಲೋಟಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಹೆಸರಿಗಷ್ಟೇ ಗುಬ್ಬಿ, ಹದಿನಾಲ್ಕರ ಗಟ್ಟಿಮುಟ್ಟಾದ ಹುಡುಗಿ, ಬಾಯಿ ಜೋರು, ಬಟ್ಟೆಯ ಗಂಟು ಕಟ್ಟಿಕೊಂಡು ಮನೆ ಬಿಟ್ಟು ಬಂದಿದ್ದವಳು ಇವಳೇ. ಅವಳ ಮನೆಗೆ ಅಕ್ಕ ಎಷ್ಟು ಸಲ ಹೋಗಿಲ್ಲ, ಅವಳಪ್ಪನ ಎದುರು ಎಷ್ಟು ಸಲ ಕೂತಿಲ್ಲ. ಮಡಿಚಿದ ಕುರ್ಚಿಗಳನ್ನು ಇಬ್ಬರೂ ಬಿಡಿಸಿ ಸಾಲಾಗಿ ಇಡುತ್ತಿದ್ದಾಗ, ಹುಣ್ಣನ್ನು ಬೆರಳಿನಿಂದ ಒತ್ತಿ ನೋಡುವಂತೆ, ಅಕ್ಕ ತಾನೇ ಮಾತೆತ್ತಿದಳು.

‘ಗುಬ್ಬಿ, ಇಸ್ತ್ರಿಯಮ್ಮ ಇವತ್ತು ಮಾತಾಡ್ತಾರಂತೆ. ಅವರ ಮಗಳು... ನಿನಗೇನಾದ್ರೂ ಗೊತ್ತಿತ್ತಾ?’

‘ಯಾರು, ಹೊಸಹುಡುಗಿನಾ?’

‘ಯಾವ ಹೊಸಹುಡುಗಿ?’

‘ಅಯ್ಯೋ, ನೀವೇ ಹಾಗೆ ಕರೀತಿದ್ರಲ್ಲ ಅಕ್ಕ! “ಏ ಹೊಸಹುಡುಗಿ, ಸ್ವಲ್ಪ ಆ ಕಡೆ ಸರಿ.” “ಹೊಸಹುಡುಗಿ, ಬಾಗಿಲು ಹಾಕು.” ಕ್ಲಬ್ ಶುರುವಾದಾಗಿಂದ ಬರ್ತಿದ್ಲು. ನನಗಿಂತ ಹಳಬಳು. ನಾವೆಲ್ಲ ಅದನ್ನೇ ಇಟ್ಕೊಂಡ್ವಿ. ಅವಳಿಗೂ ಒಂಥರಾ ತಮಾಷೆ.’

ಅಕ್ಕ ಕೈಯಲ್ಲಿದ್ದ ಕುರ್ಚಿಯನ್ನು ಬಿಡಿಸಿದಳು, ಮಡಿಚಿದಳು, ಮತ್ತೆ ಬಿಡಿಸಿದಳು. ‘ಏನು ಮಾಡ್ತಿದ್ಲು ಅವಳು?’

‘ಏನು ಮಾಡ್ತಾಳೆ? ಕಿಟಕಿ ಹತ್ರ ಕೂರ್ತಿದ್ಲು. ಲೋಟ ತೊಳೀತಿದ್ಲು, ನಾನು ಈಗ ತೊಳೀತಿಲ್ವಾ, ಹಾಗೆ. ಕೇರಂ ಆಡಿದ್ರೆ ಮೋಸ ಮಾಡ್ತಿದ್ಲು.’

‘ಹಾಡು?’

ಗುಬ್ಬಿ ಪಕಪಕ ನಕ್ಕಳು. ‘ಅವಳಾ? ಎಲ್ಲರೂ ಸೇರಿ ಹಾಡುವಾಗ ಬಾಯಿ ಆಡಿಸೋಳು ಅಷ್ಟೇ, ಸದ್ದೇ ಬರ್ತಿರ್ಲಿಲ್ಲ. ಯಾಕಕ್ಕ?’

ಯಾಕೂ ಇಲ್ಲ, ಎಂದು ಅಕ್ಕ ಆ ಕುರ್ಚಿಯ ಮೇಲೆಯೇ ಕೂತಳು. ಹುಡುಗಿ ಬಂದಿದ್ದಳು. ಬರುತ್ತಲೇ ಇದ್ದಳು. ಗಾಜು ಒಡೆದವನ ಮುಖ ಗೊತ್ತು, ಅವನ ಅಮ್ಮನ ಸಕ್ಕರೆ ಕಾಯಿಲೆ ಗೊತ್ತು, ಗುಬ್ಬಿಯ ಅಪ್ಪ ಯಾವ ದಿನ ಕುಡಿದು ಬರುತ್ತಾನೆಂಬುದು ಗೊತ್ತು. ಕೂಗಿದವರನ್ನು, ಕಚ್ಚಿದವರನ್ನು, ಅತ್ತವರನ್ನು ತಾನು ಕಂಡಿದ್ದಳು. ಏನೂ ಮಾಡದೆ ಕಿಟಕಿಯ ಹತ್ತಿರ ಕೂತವಳು ಅಕ್ಕನ ಕಣ್ಣಿಗೆ ಪ್ರತಿ ವಾರವೂ ಹೊಸದಾಗಿ ಬಂದು, ಹೊಸದಾಗಿ ಅಳಿಸಿಹೋಗಿದ್ದಳು. ಅಷ್ಟು ತಿಂಗಳು ಹೊಸಬಳಾಗಿಯೇ ಉಳಿದಿದ್ದಳು. ಎದೆಯೊಳಗೆ ಕೈ ಹಾಕಿ ತಡಕಾಡಿದ ಹಾಗೆ ಅಕ್ಕ ನೆನಪಿನಲ್ಲಿ ಹುಡುಕಿದಳು. ಒದ್ದೆ ಲೋಟಗಳನ್ನು ತನ್ನ ಕೈಯಿಂದ ತೆಗೆದುಕೊಂಡ ಒಂದು ಕೈ. ಒಂದು ಬೆನ್ನು. ಹಿಮ್ಮಡಿ ಸವೆದ ಚಪ್ಪಲಿ. ಆಮೇಲೆ, ಕೇಳದೆಯೇ, ಇನ್ನೊಂದು ಬಂತು. ಕಾರ್ಯದರ್ಶಿಗಳು ಎಲ್ಲರೆದುರು ತನ್ನನ್ನು ಗದರಿಸಿದ ದಿನ, ಯಾವ ಕಾರಣಕ್ಕೋ ಈಗ ಮರೆತಿದೆ, ಅಡಿಗೆಮನೆಯ ಮೂಲೆಯಲ್ಲಿ ಅಕ್ಕ ಗೋಡೆಗೆ ಮುಖ ಮಾಡಿ ಕೂತು ಅತ್ತಿದ್ದಳು. ಮಂಡಿಯ ಪಕ್ಕದಲ್ಲಿ ಯಾರೋ ಒಂದು ಲೋಟ ನೀರು ಇಟ್ಟರು. ‘ಯಾರದು?’ ಎಂದು ತಲೆಯೆತ್ತದೆ ಕೇಳಿದ್ದಳು. ‘ಹೊಸಬಳು’ ಅಂದಿತ್ತು ಒಂದು ದನಿ. ಹಾಗೇ ಅಂದಿತ್ತು. ಸರಿ ಹೋಗು, ಅಂದಿದ್ದಳು ಅಕ್ಕ.

ಸಭೆಗೆ ಜನ ಬಂದರು. ತಾಯಂದಿರು, ಕೆಲಸದ ಬಟ್ಟೆಯಲ್ಲೇ ಬಂದ ಒಬ್ಬಿಬ್ಬರು ತಂದೆಯರು, ಕೆಳಗಿನ ಟೈರ್ ಅಂಗಡಿಯವರು, ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳು ಕರೆಸಿದ ಗಣ್ಯರು. ಇಸ್ತ್ರಿಯಮ್ಮ ತನಗಿದ್ದ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅದರ ನೆರಿಗೆಗಳು ಕತ್ತಿಯ ಅಲಗಿನಂತೆ ನಿಂತಿದ್ದವು. ವೇದಿಕೆಗೆ ಕರೆಯುವ ಮುಂಚೆ ಅವಳ ಕೈ ಹಿಡಿದು ಹೊರಗೆ ಕರೆದೊಯ್ಯಬೇಕು, ಹೇಳಿಬಿಡಬೇಕು ಎಂದುಕೊಂಡು ಅಕ್ಕ ಎರಡು ಹೆಜ್ಜೆ ಮುಂದೆ ಹೋದಳು. ಅಷ್ಟರಲ್ಲಿ ಯಾರೋ ಗಣ್ಯರಿಗೆ ಕುರ್ಚಿ ಸಾಲದೆ, ‘ಏನಮ್ಮ, ಸುಮ್ನೆ ನಿಂತಿದ್ದೀರಲ್ಲ, ಒಂದು ಕುರ್ಚಿ ತನ್ನಿ’ ಎಂದು ಕಾರ್ಯದರ್ಶಿಗಳು ಕೂಗಿದರು. ಕುರ್ಚಿ ತಂದಳು. ತಂದು ಇಡುವಷ್ಟರಲ್ಲಿ ಇಸ್ತ್ರಿಯಮ್ಮ ಮೈಕಿನ ಮುಂದೆ ನಿಂತಿದ್ದಳು. ಹೊತ್ತು ಮೀರಿದ್ದಕ್ಕೆ ತನಗೆ ಒಳಗೊಳಗೇ ಹಾಯೆನಿಸಿದ್ದನ್ನು ಅಕ್ಕ ಗಮನಿಸಿದಳು.

‘ನನ್ನ ಮಗಳು ಹಾಡ್ತಿದ್ಲು’ ಅಂದಳು ಇಸ್ತ್ರಿಯಮ್ಮ. ಮೈಕು ಕೀಚಲು ದನಿ ಮಾಡಿತು. ಒಂದು ಹೆಜ್ಜೆ ಹಿಂದೆ ಸರಿದಳು. ‘ಇಲ್ಲಿ ಬಂದು ಹಾಡ್ತಿದ್ಲು ಅಂತ ಅಕ್ಕ ಹೇಳಿದ್ರು. ಆಮೇಲೆ ನನಗೂ ನೆನಪಾಯ್ತು, ಮನೇಲೂ ಹಾಡ್ತಿದ್ಲು. ನಾನು ಬೆಳಿಗ್ಗೆ ಕೆಲಸಕ್ಕೆ ಹೊರಡೋವಾಗ ಬಾಗಿಲ ಹಿಂದೆ ನಿಂತ್ಕೊಂಡು ಹಾಡೋಳು. ನಗು ಬಂದ್ರೆ ಬಾಯಿಗೆ ಹೀಗೆ ಕೈ ಇಟ್ಕೊಳ್ಳೋಳು.’ ಇಟ್ಟು ತೋರಿಸಿದಳು. ಅಕ್ಕನ ಅತ್ತಿಗೆಯ ಕೈ, ಅತ್ತಿಗೆಯ ಬೆರಳುಗಳು, ಈಗ ಆ ಬಡ ಮುಖದ ಮೇಲೆ. ‘ಅವಳು ಹೋದಳು ಅಂತ ಜನ ಅಂತಾರೆ. ನನಗೆ ಈಗಲೂ ಕೇಳಿಸುತ್ತೆ.’ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಣ್ಯರೊಬ್ಬರು ಕನ್ನಡಕ ತೆಗೆದರು. ಹಿಂದಿನ ಸಾಲಿನಲ್ಲಿ ಗುಬ್ಬಿ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ತಾಯಿಯನ್ನು ನೋಡಿದಳು, ಆಮೇಲೆ ಅಕ್ಕನನ್ನು ನೋಡಿದಳು, ನೋಡುತ್ತಲೇ ಇದ್ದಳು. ಅಕ್ಕನನ್ನೂ ವೇದಿಕೆಗೆ ಕರೆದರು. ಹೋಗಿ ನಿಂತಳು. ‘ಎಲ್ಲರೂ ಬಂದದ್ದು ಸಂತೋಷ’ ಅಂದಳು. ಮುಂದೆ ಏನೂ ಬರಲಿಲ್ಲ. ದುಃಖದಿಂದ ಮಾತು ಕಟ್ಟಿತೆಂದುಕೊಂಡು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಸದ್ದು ಅಡಗಿದಾಗ ಅಕ್ಕನಿಗೆ, ಬೇರೆ ಯಾರೂ ಕೇಳಿಸಿಕೊಳ್ಳದಷ್ಟು ಸಣ್ಣಗೆ, ಕಿಟಕಿಯ ಕಡೆಯಿಂದ, ಹಾಡು ಕೇಳಿಸಿತು.

ಸಭೆ ಮುಗಿದು ಜನ ಮೆಟ್ಟಿಲಿಳಿಯುತ್ತಿದ್ದರು. ಗುಬ್ಬಿ ಹಾಲಿನಲ್ಲಿ ಕುರ್ಚಿ ಮಡಿಚುತ್ತಿದ್ದಳು. ಅಕ್ಕ ನಲ್ಲಿಯ ಮುಂದೆ ಎಂಜಲು ಲೋಟಗಳನ್ನು ನೆನೆಹಾಕುತ್ತಿದ್ದಾಗ ಹಿಂದಿನಿಂದ ಗಂಜಿಯ ವಾಸನೆ ಬಂತು.

‘ಸರಿಯಾಗಿ ಹೇಳಿದ್ನಾ ಅಕ್ಕ? ನೀವು ಹೇಳಿದ್ದರಲ್ಲಿ ಏನಾದ್ರೂ ಬಿಟ್ಟೋಯ್ತಾ?’

‘ಇವರೇ, ಸ್ವಲ್ಪ ಕೂತ್ಕೊಳ್ಳಿ.’

‘ಪರವಾಗಿಲ್ಲ, ಹೇಳಿ. ಏನಾದ್ರೂ ಹೊಸದು ನೆನಪಾಯ್ತಾ?’

‘ಅವಳು ಹಾಡ್ತಿರ್ಲಿಲ್ಲ.’ ಅಕ್ಕ ನೀರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಧೈರ್ಯವೂ ನಿಂತುಬಿಡುತ್ತದೆಂದು ತೋರಿತು. ‘ನಿಮ್ಮ ಮಗಳು. ನನಗೆ ಅವಳ ಗುರುತೇ ಇರ್ಲಿಲ್ಲ. ನೀವು ಫೋಟೋ ತೋರಿಸಿದ ದಿನ ಬಾಯಿಗೆ ಬಂದದ್ದು ಹೇಳಿದೆ. ಆಮೇಲೆ ಹೇಳ್ತಾನೇ ಹೋದೆ. ಬೂಟಿನ ದಾರ, ನಗೋದು, ಎಲ್ಲಾ. ಒಂದೂ ನಿಜ ಅಲ್ಲ.’

ಇಸ್ತ್ರಿಯಮ್ಮ ತಾನೇ ಕೈ ಚಾಚಿ ನಲ್ಲಿ ನಿಲ್ಲಿಸಿದಳು.

‘ಹಾಗಾದ್ರೆ ನನ್ನ ಮನೇಲಿ ಹಾಡ್ತಿರೋಳು ಯಾರು?’

ಅಕ್ಕ ಕೈಯಲ್ಲಿದ್ದ ಲೋಟವನ್ನು ನೀರಿನೊಳಗೆ ಬಿಟ್ಟಳು.

‘ಕೇಳ್ತಿದ್ದೀನಿ ಹೇಳಿ. ದಿನಾ ಬೆಳಿಗ್ಗೆ ಬಾಗಿಲ ಹಿಂದೆ ಇರ್ತಾಳೆ. ಹೋಗ್ಬರ್ತೀನಿ ಕಣೇ ಅಂತ ಅವಳಿಗೆ ಹೇಳಿ ಹೊರಡ್ತೀನಿ ನಾನು. ಅವಳನ್ನ ಏನು ಮಾಡ್ಲಿ? ಕತ್ತು ಹಿಡಿದು ಆಚೆ ನೂಕ್ಲಾ?’ ದನಿ ಏರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎಳೆಯುವಂತೆ ಒಂದೊಂದು ಮಾತನ್ನೂ ಒತ್ತಿ ಒತ್ತಿ ಆಡಿದಳು. ‘ನನ್ನ ಮಗಳು ಹೇಗಿದ್ಲು ಅಂತ ನೆನಸ್ಕೊಂಡ್ರೆ ನೀವು ಹೇಳಿದವಳೇ ಬಂದು ನಿಲ್ತಾಳೆ. ನನ್ನವಳು ಹಿಂದೆ ಹಿಂದೆ ಹೋಗ್ತಿದ್ದಾಳೆ. ವಯಸ್ಸಾಯ್ತು, ಅದಕ್ಕೆ ಮರೀತಿದ್ದೀನಿ ಅಂದ್ಕೊಂಡಿದ್ದೆ.’

‘ಒಂದು ನಿಜ ಇದೆ’ ಅಂದಳು ಅಕ್ಕ. ತನ್ನ ದನಿ ತನಗೇ ಬೇಡುವವರ ದನಿಯಂತೆ ಕೇಳಿಸಿತು. ‘ಒಂದೇ ಒಂದು. ಇವತ್ತೇ ನೆನಪಾಯ್ತು.’ ಅತ್ತ ದಿನದ್ದು ಹೇಳಿದಳು. ಗೋಡೆ, ಮಂಡಿ, ನೀರು. ಯಾರದು ಅಂದದ್ದು, ಹೊಸಬಳು ಅಂದದ್ದು. ತಿಂಗಳುಗಟ್ಟಲೆ ತಾನು ಅವಳನ್ನು ಹಾಗೇ ಕರೆಯುತ್ತಿದ್ದೆ ಎಂಬುದನ್ನೂ ಹೇಳಿದಳು.

‘ಆವಾಗ ಅವಳ ಮುಖ ನೋಡಿದ್ರಾ?’

ನೋಡಿದೆ, ಮುಖದಲ್ಲಿ ಎಷ್ಟು ಕರುಣೆ ಇತ್ತು ಗೊತ್ತಾ, ಎಂಬ ಮಾತು ಬಿಸಿಬಿಸಿಯಾಗಿ, ತಯಾರಾಗಿ ನಾಲಿಗೆಯ ತುದಿಗೆ ಬಂತು. ಎಷ್ಟೊಂದು ಶನಿವಾರಗಳ ಅಭ್ಯಾಸ. ಅಕ್ಕ ಅದನ್ನು ನುಂಗಿಕೊಂಡಳು. ‘ಇಲ್ಲ. ತಲೆ ಎತ್ತಲಿಲ್ಲ. ಸರಿ ಹೋಗು ಅಂದೆ.’

‘ಹೋದ್ಲಾ?’

‘ಹೋದ್ಲು.’

‘ಅವಳೇ’ ಅಂದಳು ಇಸ್ತ್ರಿಯಮ್ಮ. ಬಲವಾದ ಪೆಟ್ಟು ಬಿದ್ದವಳಂತೆ ಸಿಂಕಿನ ಅಂಚು ಹಿಡಿದುಕೊಂಡಳು. ‘ಅದು ಅವಳೇ. ಕೊಟ್ಟು ನಿಲ್ಲೋಳಲ್ಲ. ನನಗೆ ಕೈ ಸುಟ್ಟಾಗಲೂ ಹಾಗೇ, ಮುಲಾಮು ತಂದು ಪಕ್ಕದಲ್ಲಿ ಇಟ್ಟು ಆಚೆ ಹೋಗೋಳು. ಹಚ್ಚು ಅಂದ್ರೆ ಹಚ್ಚೋಳಲ್ಲ.’ ಅವಳ ಮುಖ ಈ ಸಲ ಬಿಡಿಸಿಕೊಳ್ಳಲಿಲ್ಲ. ಮುದ್ದೆ ಮುದ್ದೆಯಾಗಿ ಸುಕ್ಕುಗಟ್ಟಿತು. ಇಷ್ಟು ದಿನ ಒಮ್ಮೆಯೂ ಅಳದಿದ್ದವಳು ಬಾಯಿ ತೆರೆದು, ಸದ್ದಿಲ್ಲದೆ ಅತ್ತಳು. ಅಕ್ಕ ಅವಳ ಭುಜದ ಮೇಲೆ ಕೈಯಿಡಲು ಹೋದಳು. ಇಸ್ತ್ರಿಯಮ್ಮ ಆ ಕೈಯನ್ನು ಒರಟಾಗಿ ಏನಲ್ಲ, ಬಟ್ಟೆಯ ಮೇಲಿನ ದಾರದ ಎಳೆಯೊಂದನ್ನು ತೆಗೆದುಹಾಕುವಂತೆ ತೆಗೆದಳು.

‘ಅಕ್ಕ, ಈ ಕುರ್ಚಿ ಎಲ್ಲಿ ಇಡ್ಲಿ?’ ಎನ್ನುತ್ತಾ ಬಂದ ಗುಬ್ಬಿ ಅಲ್ಲೇ ನಿಂತಳು. ಇಬ್ಬರನ್ನೂ ಒಮ್ಮೆ ನೋಡಿದಳು. ಅವಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ‘ಅಮ್ಮಾ, ಹೊಸಹುಡುಗಿ ಹಾಡ್ತಿರ್ಲಿಲ್ಲ. ನೀವು ಯಾಕೆ ಹಾಗಂದ್ರಿ?’

‘ನಿನಗೆ ಗೊತ್ತಾ ಅವಳು?’

‘ಗೊತ್ತಿಲ್ದೆ! ನನ್ನ ಕೈಲಿ ಇನ್ನೂ ಗುರುತಿದೆ ನೋಡಿ, ಗಿಂಡಿದ್ದು. ಕೇರಂನಲ್ಲಿ ನಾನು ಆ ಕಡೆ ನೋಡಿದ್ರೆ ಸಾಕು, ಕಾಯಿ ಉಂಗುರದ ಬೆರಳಿನಿಂದ ತಳ್ಳೋಳು. ಕೇಳಿದ್ರೆ ಗಾಳಿ ಅನ್ನೋಳು.’

ಇಸ್ತ್ರಿಯಮ್ಮನ ಗಂಟಲಿನಿಂದ ಒಂದು ಸದ್ದು ಬಂತು. ಅದು ಅಳುವೋ ನಗುವೋ ಅಕ್ಕನಿಗೆ ತಿಳಿಯಲಿಲ್ಲ. ‘ಗಾಳಿ! ಮನೇಲೂ ಅದೇ. ಸಕ್ಕರೆ ಡಬ್ಬ ಖಾಲಿ ಆದ್ರೂ ಗಾಳಿ’ ಅಂದಳು. ಅಂದವಳು ಹೋಗಿ ಗುಬ್ಬಿಯ ಕೈ ಹಿಡಿದು ಮೊಣಕೈಯವರೆಗೆ ತಿರುಗಿಸಿ ನೋಡಿದಳು. ‘ಎಲ್ಲಿ, ತೋರಿಸು. ಎಲ್ಲಿ ಗಿಂಡಿದ್ದು?’ ಅಲ್ಲಿ ಯಾವ ಗುರುತೂ ಉಳಿದಿರಲಿಲ್ಲ. ಗುಬ್ಬಿ ತೋರಿಸಿದ ಜಾಗದ ಮೇಲೆ ಇಸ್ತ್ರಿಯಮ್ಮ ಹೆಬ್ಬೆರಳು ಇಟ್ಟು ಹಾಗೇ ನಿಂತಳು. ಮಾತಾಡುತ್ತಾ ಆಡುತ್ತಾ ಇಬ್ಬರೂ ಹಾಲಿನತ್ತ ನಡೆದರು, ಬಾಗಿಲಿನತ್ತ ನಡೆದರು. ಅಕ್ಕ ಒದ್ದೆ ಕೈಯಲ್ಲೇ ಹಿಂದೆ ಹಿಂದೆ ಬಂದಳು. ಚಪ್ಪಲಿ ಮೆಟ್ಟಿಕೊಳ್ಳುವಾಗ ಇಸ್ತ್ರಿಯಮ್ಮ ತಲೆಯೆತ್ತದೆ ಅಂದಳು, ‘ಶನಿವಾರ ಬರ್ತೀನಿ. ಇವಳ ಹತ್ರ ಮಾತಾಡೋಕೆ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ.’ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡು, ‘ಆ ಹಾಡೋಳು ನನಗೆ ಬೇಡ ಅಕ್ಕ. ನಿಮ್ಮವಳು, ನೀವೇ ಇಟ್ಕೊಳ್ಳಿ’ ಅಂದಳು. ಮೆಟ್ಟಿಲುಗಳ ಮೇಲೆ ಗುಬ್ಬಿಯ ಜೋರು ದನಿ ಕೆಳಕ್ಕೆ ಕೆಳಕ್ಕೆ ಇಳಿಯಿತು. ಅಂಗಡಿಯ ಮುಂದೆ ಹಾದು ಬೀದಿಯ ಸದ್ದಿನಲ್ಲಿ ಬೆರೆತುಹೋಯಿತು.

ಅಕ್ಕ ಲೋಟಗಳನ್ನು ತೊಳೆದಳು. ಬ್ಯಾನರು ಬಿಚ್ಚಿ ಸುತ್ತಿಟ್ಟಳು. ಕಿಟಕಿಗಳನ್ನು ಒಂದೊಂದಾಗಿ ಹಾಕಿದಳು. ಸಂಜೆಯ ಬೆಳಕು ಇನ್ನೂ ನೆಲದ ಮೇಲಿತ್ತು. ಕೆಲಸವೆಲ್ಲ ಮುಗಿದು, ಬೀಗ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಾಗ ಹಾಲಿನ ಆ ತುದಿಯಲ್ಲಿ ಅದು ಶುರುವಾಯಿತು. ಈ ಸಲ ನೀರಿನ ಸದ್ದಿನ ಮರೆ ಇರಲಿಲ್ಲ, ಜನರ ಮರೆ ಇರಲಿಲ್ಲ. ತಾಯಿ ಬೇಡವೆಂದು ಬಿಟ್ಟುಹೋದ ಹುಡುಗಿ, ಗೋಡೆಯ ಕಡೆ ಮುಖ ಮಾಡಿಕೊಂಡು, ತನಗೆ ಗೊತ್ತಿದ್ದ ಒಂದೇ ಹಾಡನ್ನು ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಅಕ್ಕ ಬಾಗಿಲು ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. ಒಂದು ಮಗುವನ್ನು ಒಳಗೆ ಬಿಟ್ಟು ಬೀಗ ಹಾಕಿ ಅವಳಿಗೆ ಅಭ್ಯಾಸವಿರಲಿಲ್ಲ. ಬಾಗಿಲನ್ನು ಅಗಲವಾಗಿ ತೆರೆದು ಹಿಡಿದು, ‘ಬಾ’ ಅಂದಳು. ಒಬ್ಬರು ಹಾದುಹೋಗುವಷ್ಟು ಹೊತ್ತು ಕಾದಳು. ಆಮೇಲೆ ಬೀಗ ಹಾಕಿದಳು. ಆ ಕಿರಿದಾದ ಮೆಟ್ಟಿಲುಗಳನ್ನು ಗೋಡೆಗೆ ಒತ್ತಿಕೊಂಡು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು, ನಿಧಾನವಾಗಿ ಇಳಿಯತೊಡಗಿದಳು.